ಪಾಳಿಯವಳು ಬಟ್ಟೆ ಮುಟ್ಟಬಾರದು

ಕೊಪ್ಪಳದಲ್ಲಿರುವ ಮಗಳ ಮನೆಗೆ ಬಂದು ನಾಲ್ಕು ದಿನವಾಯಿತು. ಬಂದ ಮರುದಿನ ಬೆಳಿಗ್ಗೆ ಮುಖ ತೊಳೆಯಲು ಹಿಂದಿನ ಕೋಣೆಗೆ ಹೋದವನ ಮೂಗಿಗೆ ಒಂದು ವಾಸನೆ ಬಡಿಯಿತು. ಒದ್ದೆ ರಬ್ಬರು, ಸೋಪಿನ ಪುಡಿ, ಅದರ ಮೇಲೊಂದಿಷ್ಟು ಮುಗ್ಗಲು. ನಿಮ್ಮ ಮನೆಯಲ್ಲಿ ಬಟ್ಟೆ ಒಗೆಯುವ ಮಷಿನ್ ಇದ್ದರೆ ನಾನು ಹೇಳುವುದು ತಟ್ಟನೆ ತಿಳಿಯುತ್ತದೆ. ಇಲ್ಲದಿದ್ದರೆ ಮಳೆಯಲ್ಲಿ ನೆನೆದ ರಬ್ಬರ್ ಚಪ್ಪಲಿಯನ್ನು ಟ್ರಂಕಿನಲ್ಲಿ ಹಾಕಿ ಎಂಟು ದಿನ ಬಿಟ್ಟು ತೆಗೆದು ನೋಡಿ. ವಾಸನೆ ಎಲ್ಲಿಂದ ಎಂದು ತಿರುಗಿದರೆ ಹೊಸ ಮಷಿನ್ನಿನ ದುಂಡನೆಯ ಬಾಗಿಲು ಪೂರ್ತಿ ತೆರೆದಿತ್ತು. ಅದರೊಳಗೆ ನನ್ನ ಮೊಮ್ಮಗ ಸಮರ್ಥ, ಎರಡು ವರ್ಷ ತುಂಬಲು ಇನ್ನೂ ಎರಡು ತಿಂಗಳು ಬಾಕಿಯಿರುವ ಮಹಾಶಯ, ಸೊಂಟದವರೆಗೆ ಹೋಗಿಬಿಟ್ಟಿದ್ದ. ಹೊರಗೆ ಕಾಣುತ್ತಿದ್ದದ್ದು ಎರಡು ಕಾಲು ಮಾತ್ರ. ಒಳಗೆ "ಊ... ಊ..." ಎಂದು ಕೂಗಿ, ತನ್ನ ದನಿ ತನಗೇ ತಿರುಗಿ ಬಂದದ್ದಕ್ಕೆ ಕೇಕೆ ಹಾಕುತ್ತಿದ್ದ.

ಸೊಂಟ ಹಿಡಿದು ಹೊರಗೆ ಎಳೆದುಕೊಂಡೆ. ಆಟ ಕೆಟ್ಟಿತೆಂದು ಅವನು ಓಣಿಗೆಲ್ಲ ಕೇಳುವಂತೆ ರಾಗ ತೆಗೆದ. ಅಳಿಯ ಬಾಯಲ್ಲಿ ಬ್ರಷ್ ಕಚ್ಚಿಕೊಂಡೇ ಓಡಿ ಬಂದ.

"ಯಾಕ್ರಿ ಮಾವಾರ, ಏನಾತ್ರಿ?"

"ಇದರ ಬಾಗಿಲಾ ಯಾಕ ತಗದಿಟ್ಟೀರಿ ಅಳಿಯಂದ್ರ?"

"ಜೋಡಸಾಕ ಬಂದಾಂವ ಹೇಳ್ಯಾನ್ರಿ. ಒಗದ ಮ್ಯಾಲ ತಗದ ಇಡ್ರಿ, ಇಲ್ಲಂದ್ರ ವಾಸನಿ ಹಿಡಿತೈತಿ ಅಂತ. ನೀವು ಹೆದರಬ್ಯಾಡ್ರಿ. ಇದು ಎಲ್ಲಾ ಆಟೋಮ್ಯಾಟಿಕ್ ಐತಿ. ಒಮ್ಮಿ ಗುಂಡಿ ಒತ್ತಿದ್ರ ಮುಗೀತು, ನಾವು ಹಣಿಕಿ ಹಾಕೂದ ಬ್ಯಾಡ."

ಅಳಿಯ ಒಳ್ಳೆಯವನು. ನೀರಾವರಿ ಕಚೇರಿಯಲ್ಲಿ ಗುಮಾಸ್ತ, ಮೈಯೆಲ್ಲ ಸಮಾಧಾನ. ಅವನಿಗೆ ಬೈಯಲು ಬಾಯಿ ತೆರೆದವನು ಹಾಗೇ ಮುಚ್ಚಿಕೊಂಡೆ. ಯಾಕೆಂದರೆ "ಹಣಿಕಿ ಹಾಕೂದ ಬ್ಯಾಡ" ಎಂಬ ಮಾತು ಅವನದಲ್ಲ, ನನ್ನದು. ಇಪ್ಪತ್ತೆರಡು ವರ್ಷದ ಹಿಂದೆ ಕುಷ್ಟಗಿಯ ಬಾಡಿಗೆ ಮನೆಯಲ್ಲಿ ನಮ್ಮವ್ವನಿಗೆ ಇದೇ ಮಾತನ್ನು ಇದೇ ಠೀವಿಯಲ್ಲಿ ಹೇಳಿದ್ದೆ. ಆಡಿದ ಅರ್ಧ ತಾಸಿನೊಳಗೆ ಆ ಮಾತು ನನ್ನ ಮಗಳನ್ನು ನುಂಗುವುದರಲ್ಲಿತ್ತು.

ನಾನು ಸರಕಾರಿ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದವನು. ನಮ್ಮ ಜಾತಿಯ ಪ್ರಾಣಿಯನ್ನು ನೀವು ನೋಡಿರುತ್ತೀರಿ. ಫ್ಯಾನು ನಿಂತರೆ ಮೆಕ್ಯಾನಿಕ್‌ಗಿಂತ ಮೊದಲು ಕಾರಣ ಹೇಳುತ್ತೇವೆ, ಆಮೇಲೆ ಮೆಕ್ಯಾನಿಕ್ ಬಂದು ಬೇರೆ ಕಾರಣ ಹುಡುಕಿ ರಿಪೇರಿ ಮಾಡುತ್ತಾನೆ. "ಗೊತ್ತಿಲ್ಲ" ಎಂಬ ಮಾತು ನನ್ನ ಬಾಯಿಂದ ಹೊರಟದ್ದು ಕಡಿಮೆ. ಹೊರಟ ಒಂದು ಸಂದರ್ಭವನ್ನು ಇವತ್ತು ಹೇಳುತ್ತೇನೆ, ಕೇಳಿ. ಆದರೆ ಅದಕ್ಕೂ ಮೊದಲು ನಿಮ್ಮನ್ನು ಕಾಲುವೆಯ ದಂಡೆಗೆ ಕರೆದುಕೊಂಡು ಹೋಗಬೇಕು.

ನಮ್ಮವ್ವನ ಹೆಸರು ಹನುಮವ್ವ. ನಾನು ಬೆಳೆದದ್ದು ಗಂಗಾವತಿ ತಾಲ್ಲೂಕಿನ ಶ್ರೀರಾಮನಗರದ ಹತ್ತಿರ. ಅಪ್ಪ ಅಕ್ಕಿ ಮಿಲ್ಲಿನಲ್ಲಿ ಹಮಾಲಿ, ಅವ್ವ ಭತ್ತದ ನಾಟಿಗೆ ಹೋಗುವಾಕೆ. ನಾಟಿ ಇಲ್ಲದ ದಿನ ಓಣಿಯ ಏಳೆಂಟು ಹೆಂಗಸರು ಬಟ್ಟೆಯ ಗಂಟು ಹೊತ್ತು ಕಾಲುವೆಗೆ ಹೊರಡುತ್ತಿದ್ದರು. ಸೊಂಟದ ಮೇಲೊಂದು, ಸೆರಗಿಗೆ ಜೋತುಬಿದ್ದದ್ದೊಂದು ಎಂದು ನಾವು ಮಕ್ಕಳೂ ಹೊರಡುತ್ತಿದ್ದೆವು. ಬಿಟ್ಟು ಹೋಗಲು ಮನೆಯಲ್ಲಿ ಯಾರಿದ್ದರು?

ಅಲ್ಲೊಂದು ಪದ್ಧತಿ ಇತ್ತು. ಹೋದವರಲ್ಲಿ ದಿನಕ್ಕೊಬ್ಬಳು ಬಟ್ಟೆ ಒಗೆಯುತ್ತಿರಲಿಲ್ಲ. ಅವತ್ತು ಅವಳದು ಪಾಳಿ. ಅವಳ ಗಂಟನ್ನು ಉಳಿದವರು ಹಂಚಿಕೊಂಡು ಒಗೆದು ಕೊಡುತ್ತಿದ್ದರು. ಅವಳು ಮಾಡಬೇಕಾದ ಕೆಲಸ ಒಂದೇ, ದಂಡೆಯ ಮೇಲೆ ಕೂತು ಮಕ್ಕಳನ್ನು ನೋಡುವುದು. ಒಗೆಯುವವರ ಮುಖ ನೀರಿಗೆ, ಬೆನ್ನು ನಮಗೆ. ನಡುನಡುವೆ ಯಾರಾದರೂ ಒಬ್ಬಳು ತಲೆ ಎತ್ತದೆ ಕೂಗುತ್ತಿದ್ದಳು, "ಅದಾವೇನಽ?" ಪಾಳಿಯವಳು ಒಂದೊಂದೇ ತಲೆ ಎಣಿಸಿ "ಅದಾವು!" ಎನ್ನಬೇಕು. ಆಗ ಮತ್ತೆ ಬಟ್ಟೆ ಕಲ್ಲಿಗೆ ಬೀಳುವ ಸದ್ದು. ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪಿನ ಸುಬ್ಬಮ್ಮನ ಪಾಳಿ ಬಂದ ದಿನ ಅವಳು ತನ್ನ ತೆಲುಗಿನಲ್ಲೇ "ಉನ್ನಾರೂ!" ಎಂದು ಕೂಗುತ್ತಿದ್ದಳು. ಆ ದನಿಗೆ ನೀರಿಗಿಳಿದ ಎಮ್ಮೆಗಳೂ ಕಿವಿ ನಿಮಿರಿಸುತ್ತಿದ್ದವು. ಪಾಳಿಗೆ ಎರಡೇ ಕಾಯಿದೆ. ಪಾಳಿಯವಳು ಬಟ್ಟೆ ಮುಟ್ಟಬಾರದು. ಕಣ್ಣಿನಿಂದ ನೋಡದೆ "ಅದಾವು" ಎನ್ನಬಾರದು.

ನನಗೆ ಕುಷ್ಟಗಿಯಲ್ಲಿ ನೌಕರಿ ಸಿಕ್ಕಿತು. ಅಪ್ಪ ತೀರಿಕೊಂಡ ಮೇಲೆ ಅವ್ವನೂ ನಮ್ಮ ಜೊತೆ ಬಂದಳು. ಕಾಲುವೆಯ ನೀರು ಕುಡಿದು ಬೆಳೆದವಳು ಎಂಟು ದಿನಕ್ಕೊಮ್ಮೆ ನಳ ಬರುವ ಊರಿಗೆ ಬಂದಿಳಿದಳು. ಒಂದು ತಿಂಗಳಲ್ಲಿ ನಮಗಿಂತ ಬಿಗಿಯಾದಳು ನೋಡಿ! ಅಕ್ಕಿ ತೊಳೆದ ನೀರು ಬಾಜೂಮನೆಯ ಎಮ್ಮೆಗೆ, ಮುಖ ತೊಳೆದ ನೀರು ಕರಿಬೇವಿನ ಗಿಡಕ್ಕೆ. ಕುಡಿದು ಉಳಿದ ಅರ್ಧ ತಂಬಿಗೆ ನೀರನ್ನು ನಾನು ಅಂಗಳಕ್ಕೆ ಎರಚಿದರೆ, "ನಿಮ್ಮಪ್ಪ ಕಾಲುವಿ ಬರದುಕೊಟ್ಟಾನೇನ?" ಎಂದು ಕೇಳುವಳು.

ಅಂಥ ಮನೆಗೆ ನಾನು ಬಟ್ಟೆ ಒಗೆಯುವ ಮಷಿನ್ ತಂದೆ. ಈಗಿನಂಥದ್ದಲ್ಲ, ಎರಡು ಟಬ್ಬಿನದು. ಒಂದರಲ್ಲಿ ಒಗೆಯಬೇಕು, ಕೈಯಿಂದ ಎತ್ತಿ ಇನ್ನೊಂದರಲ್ಲಿ ಹಾಕಿದರೆ ಗಿರಗಿರ ತಿರುಗಿಸಿ ಹಿಂಡಿ ಕೊಡುತ್ತದೆ. ಬಚ್ಚಲು ಸಣ್ಣದೆಂದು ಹಿತ್ತಲಿನ ತಗಡಿನ ಕೆಳಗೆ ಇಟ್ಟೆವು. ಅಲ್ಲಿ ನನ್ನ ವಿಜ್ಞಾನ ಜಾಗೃತವಾಯಿತು. ಕೊನೆಯ ಸಲ ಜಾಲಿಸಿದ ನೀರು ಹೆಚ್ಚುಕಡಿಮೆ ತಿಳಿಯಾಗಿಯೇ ಇರುತ್ತದೆ, ಅದನ್ನು ಯಾಕೆ ಬಿಡಬೇಕು? ಟಬ್ಬಿನಲ್ಲೇ ಇರಲಿ. ಮರುದಿನದ ಬಟ್ಟೆಗಾಯಿತು, ಪಾಯಖಾನೆಗಾಯಿತು, ಅಂಗಳಕ್ಕಾಯಿತು. ಐದು ಬಕೀಟು ನೀರು ಉಳಿಯಿತಲ್ಲ! ಈ ಯೋಜನೆಯನ್ನು ವಿವರಿಸಿದಾಗ ಅವ್ವ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಶ್ಯಾಣ್ಯಾ ಅದಿ ಬಿಡು" ಎಂದಳು. ಅವಳು ನನ್ನನ್ನು ಹೊಗಳಿದ್ದು ನನಗೆ ನೆನಪಿರುವಂತೆ ಅದೊಂದೇ ಸಲ. ಅವ್ವ ಕುಳ್ಳಿ. ಟಬ್ಬಿನಿಂದ ತಂಬಿಗೆಯಲ್ಲಿ ನೀರು ಮೊಗೆಯಲು ಕೈ ನಿಲುಕದೆ, ಬಗಲಿಗೆ ಒಂದು ಕಟ್ಟಿಗೆಯ ಸ್ಟೂಲು ಇಟ್ಟುಕೊಂಡಳು. ಪದೇ ಪದೇ ತೆಗೆದು ಹಾಕುವ ಕಿರಿಕಿರಿ ಬೇಡವೆಂದು ಮುಚ್ಚಳವನ್ನು ಗೋಡೆಗೆ ಆನಿಸಿಯೇ ಬಿಡುತ್ತಿದ್ದೆವು.

ಸ್ಟೂಲು, ತೆರೆದ ಟಬ್ಬು, ಅದರ ತುಂಬ ನೀರು. ಮನೆಯಲ್ಲಿ ಎರಡೂವರೆ ವರ್ಷದ ಹುಡುಗಿ. ಆಗ ಮನೆಯಲ್ಲಿ ಮೂವರು ದೊಡ್ಡವರಿದ್ದೆವು. ಒಬ್ಬ ಮಾಸ್ತರ, ಒಬ್ಬಳು ನರ್ಸು, ಒಬ್ಬಳು ಕಾಲುವೆಯ ದಂಡೆಯಲ್ಲಿ ಹತ್ತು ಮಕ್ಕಳನ್ನು ಕಾಯ್ದವಳು. ಮೂವರಿಗೂ ಅದು ಕಾಣಲಿಲ್ಲ. ಕಂಡದ್ದು ಉಳಿದ ಐದು ಬಕೀಟು ನೀರು ಮಾತ್ರ.

ಅವತ್ತು ರವಿವಾರ. ನರ್ಸಾಗಿದ್ದ ನನ್ನ ಹೆಂಡತಿ ಡ್ಯೂಟಿಗೆ ಹೋಗಿದ್ದಳು. ಅವ್ವ ಎರಡು ಓಣಿಯಾಚೆ ಬಸುರಿಗೆ ಉಡಿ ತುಂಬುವ ಕುಬಸದ ಮನೆಗೆ ಹೊರಟು ನಿಂತಳು. ಹಿತ್ತಲಿನಲ್ಲಿ ಮಷಿನ್ ಗುರುಗುಡುತ್ತಿತ್ತು.

"ತಮ್ಮಾ, ಮಷಿನ್ ಹಚ್ಚೈತಿ. ಪಾಳಿ ನಿಂದು ನೋಡಪಾ."

ನನಗೆ ನಗು ಬಂತು. "ಇದೇನ ಕಾಲುವಿ ಅಂತ ತಿಳಕೊಂಡಿಯೇನವಾ? ಅದರ ಪಾಡಿಗೆ ಅದು ಒಗೀತೈತಿ. ನಾವು ಹಣಿಕಿ ಹಾಕೂದ ಬ್ಯಾಡ."

ಅವಳು ಹೋದಳು. ನಾನು ಪಡಸಾಲೆಯಲ್ಲಿ ಕೂತು ಮರುದಿನ ಶಾಲೆಯಲ್ಲಿ ಮಾಡಬೇಕಿದ್ದ ಭಾಷಣ ಬರೆಯುತ್ತಿದ್ದೆ. ವಿಷಯ, ನೀರೇ ಜೀವ. ನಗಬೇಡಿ. ಪುರಾಣ ಹೇಳೋದಕ್ಕೆ, ಬದನೆಕಾಯಿ ತಿನ್ನೋದಕ್ಕೆ ಎಂದು ಹಿರಿಯರು ನನ್ನಂಥವರನ್ನು ನೋಡಿಯೇ ಹೇಳಿರಬೇಕು. ಮಗಳು ಪವಿತ್ರಾ ನನ್ನ ಕುರ್ಚಿಯ ಬಳಿ ಸೀಮೆಸುಣ್ಣದ ತುಂಡುಗಳನ್ನು ಸಾಲಾಗಿ ಮಲಗಿಸಿ ಜೋಗುಳ ಹಾಡುತ್ತಿದ್ದಳು. ಮಷಿನ್ನಿನ ಗಂಟೆ ಟಿಣ್ ಎಂದಿತು. ಬಟ್ಟೆ ಜಾಲಿಸಿ ಆಯಿತೆಂದು ಎದ್ದು ಹೋಗಿ, ಎಲ್ಲವನ್ನೂ ಹಿಂಡುವ ಟಬ್ಬಿಗೆ ಹಾಕಿ, ಜಾಲಿಸಿದ ನೀರನ್ನು ಯೋಜನೆಯ ಪ್ರಕಾರ ಹಾಗೇ ಬಿಟ್ಟು ಬಂದು, ಬರೆಯಲು ಕೂತೆ. ಭಾಷಣಕ್ಕೆ ಒಂದು ಭಾರಿ ಮುಕ್ತಾಯ ಬೇಕಿತ್ತು. ಅದು ಹೊಳೆಯುತ್ತಿರಲಿಲ್ಲ.

ತಲಬಾಗಿಲಲ್ಲಿ ಅವ್ವನ ದನಿ ಕೇಳಿತು. "ಕೂಸು ಅದಾಳೇನಽ?"

"ಅದಾಳ," ಎಂದೆ. ತಲೆ ಎತ್ತಲಿಲ್ಲ.

"ಎಲ್ಲಿ?"

"ಇಲ್ಲೇ."

ನನ್ನ ಲೆಕ್ಕದಲ್ಲಿ ಅವಳು ಇಲ್ಲೇ ಇದ್ದಳು. ಸೀಮೆಸುಣ್ಣದ ಕೂಸುಗಳು ಕುರ್ಚಿಯ ಬಳಿ ಸಾಲಾಗಿ ಮಲಗಿದ್ದವು. ಜೋಗುಳ ಹಾಡುವವಳು ಇರಲಿಲ್ಲ.

ಅವ್ವ ಕೈಯಲ್ಲಿದ್ದ ಕುಬಸದ ತಟ್ಟೆಯನ್ನು ಕೆಳಗೆ ಬಿಟ್ಟಳು. ತೆಂಗಿನಕಾಯಿ ಉರುಳಿಕೊಂಡು ನನ್ನ ಕಾಲಿಗೆ ಬಂದು ತಾಗಿತು. ಮೊಣಕಾಲು ನೋವೆಂದು ಮೆಟ್ಟಿಲಿಗೊಮ್ಮೆ "ಯಪ್ಪಾ" ಎನ್ನುವ ಆ ಮುದುಕಿ ಓಡಿದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು. ಹಿಂದೆ ನಾನು. ಹಿತ್ತಲಿನಲ್ಲಿ ನನ್ನ ಮಗಳು ಟಬ್ಬಿನ ಅಂಚಿನ ಮೇಲೆ ಹೊಟ್ಟೆ ಊರಿ ನೇತಾಡುತ್ತಿದ್ದಳು. ಕಾಲುಗಳು ಸ್ಟೂಲನ್ನು ಬಿಟ್ಟು ಗಾಳಿಯಲ್ಲಿದ್ದವು. ತಲೆ ಕಾಣುತ್ತಿರಲಿಲ್ಲ. ಅವ್ವ ಫ್ರಾಕು ಹಿಡಿದು ಹಿಂದಕ್ಕೆ ಜಗ್ಗಿದಳು. ಕೂಸಿನ ಮುಖ ಪೂರ್ತಿ ತೊಯ್ದಿತ್ತು, ಮೂಗಿನಿಂದ ನೀರು ಇಳಿಯುತ್ತಿತ್ತು. ಅಳು ಬರಲಿಲ್ಲ. ಅವ್ವ ಬೆನ್ನಿಗೆ ತಟ್ಟಿದಳು, ಇನ್ನೊಮ್ಮೆ ತಟ್ಟಿದಳು. ಕೆಮ್ಮು ಬಂತು. ಆಮೇಲೆ ಅಳು. ಹಾಳಾದ ಆ ಅಳುವಿನಷ್ಟು ಸಿಹಿಯಾದ ದನಿಯನ್ನು ನಾನು ಮತ್ತೆ ಕೇಳಿಲ್ಲ. ಟಬ್ಬಿನಲ್ಲಿ ಅವಳ ಕೆಂಪು ಬಾಚಣಿಗೆ ತೇಲುತ್ತಿತ್ತು. ಅದನ್ನು ಒಗೆಯಲು ಹೋಗಿದ್ದಳಂತೆ.

ಬಾಜೂಮನೆಯವರ ಮೋಟರ್‌ಸೈಕಲ್ಲಿನಲ್ಲಿ ದವಾಖಾನೆಗೆ ಒಯ್ದೆವು. ಡಾಕ್ಟರು ಎದೆಗೆ ಕೊಳವೆ ಹಚ್ಚಿ ನೋಡಿ, ಸಂಜೆಯವರೆಗೆ ಇಲ್ಲೇ ಇರಲಿ ಎಂದರು. ಡ್ಯೂಟಿಯ ಬಟ್ಟೆಯಲ್ಲೇ ನನ್ನ ಹೆಂಡತಿ ಬಂದು ನಿಂತಳು. ಬೈಯುತ್ತಾಳೆ ಎಂದುಕೊಂಡಿದ್ದೆ. ನರ್ಸು ಕೇಳುವ ಹಾಗೆ ಒಂದೇ ಪ್ರಶ್ನೆ ಕೇಳಿದಳು.

"ಎಷ್ಟೊತ್ತು ನೀರಾಗ ಇತ್ತ್ರಿ ಮುಖ?"

"ಗೊತ್ತಿಲ್ಲ," ಎಂದೆ.

ಸಂಜೆ ಮನೆಗೆ ಬಂದೆವು. ಮಗಳು ಏನೂ ಆಗದವಳಂತೆ ರೊಟ್ಟಿ ಕೇಳಿದಳು. ಅವ್ವ ನೆಟ್ಟಗೆ ಹಿತ್ತಲಿಗೆ ಹೋದಳು. ಮಷಿನ್ನಿನ ಕೊಳವೆಯನ್ನು ಕೊಕ್ಕೆಯಿಂದ ಬಿಡಿಸಿ ನೆಲಕ್ಕೆ ಎಸೆದಳು. ನಳ ಬಂದು ಐದು ದಿನವಾಗಿತ್ತು, ಮತ್ತೆ ಬರಲು ಮೂರು ದಿನವಿತ್ತು. ಐದು ಬಕೀಟು ನೀರು ಹಿತ್ತಲು ದಾಟಿ ಬೀದಿಗೆ ಹರಿಯಿತು. ಕುಷ್ಟಗಿಯಲ್ಲಿ ಬೇಸಿಗೆಯ ದಿನ ಬೀದಿಯಲ್ಲಿ ನೀರು ಹರಿದರೆ ಜನ ಸುಮ್ಮನಿರುತ್ತಾರೆಯೇ? ಎಮ್ಮೆಯ ಮನೆಯಾಕೆ ಓಡಿ ಬಂದಳು.

"ಹನುಮವ್ವಾರ, ಯಾಕ್ರಿ, ನೀರ ಹೊಂಟಾವಲ್ರಿ! ಕೊಳವಿ ಬಿಚ್ಚೇತೇನ್ರಿ?"

"ನಾನ ಬಿಚ್ಚೀನಿ."

"ಅಯ್ಯ, ಚಲ್ಲಾಕತ್ತೀರೇನ್ರಿ?"

"ಹೌದು, ಚಲ್ಲಾಕತ್ತೀನಿ. ಕಡೀ ಹನಿ ಹೋಗೂ ಮಟಾ ಇಲ್ಲೇ ನಿಂದರತೀನಿ."

ನಿಂತಳು ಕೂಡ. ಆಮೇಲೆ ಆ ಸ್ಟೂಲನ್ನು ಎತ್ತಿ, ಕೊಡಲಿಯಿಂದ ನಾಲ್ಕೂ ಕಾಲು ಮುರಿದು, ನೀರೊಲೆಗೆ ತುಂಬಿದಳು. ಅವತ್ತು ರಾತ್ರಿ ಮಗಳಿಗೆ ಎರೆದದ್ದು ಆ ಸ್ಟೂಲಿನ ಬಿಸಿನೀರು.

ಒಲೆಯ ಮುಂದೆ ಕೂತಾಗ ನಾನು, "ತಪ್ಪಾತವಾ" ಎಂದೆ. ಅವಳು ಬೆಂಕಿಯನ್ನೇ ನೋಡುತ್ತ ಹೇಳಿದಳು:

"ತಪ್ಪು ನಂದೂ ಐತಿ. ಸ್ಟೂಲ ಇಟ್ಟಾಕಿ ನಾನ. ನೀರಿನ ಆಸೆಕ್ಕ ಕಣ್ಣು ಕುರುಡಾಗಿದ್ವು. ಆದ್ರ ಒಂದು ಮಾತು ಕೇಳು. ಪಾಳಿಯಾಕಿ ಬಟ್ಟಿ ಮುಟ್ಟಬಾರದು ಅನ್ನೂ ಕಾಯಿದೆ ಸುಮ್ಮ ಹುಟ್ಟಿಲ್ಲ. ನೀ ಇನ್ನಾ ಎದಿಹಾಲ ಕುಡಿತಿದ್ದಿ. ಅವತ್ತ ಪಾಳಿ ನಂದು. ಸುಬ್ಬಮ್ಮ ಒಬ್ಬಾಕೇ ಕೌದಿ ಹಿಂಡಲಾರದ ಒದ್ಯಾಡತಿದ್ಲು. ನೆಂದ ಕೌದಿ ಎಷ್ಟ ಭಾರ ಇರತೈತಿ ನಿನಗ ಗೊತ್ತೈತಿ. ಒಂದ ತುದಿ ಹಿಡಿಯೂಣು ಅಂತ ಎದ್ದೆ. ಹಿಂದಿಂದ ಯಾರೋ ಅದಾವೇನ ಅಂದ್ರು. ಕೌದಿ ಹಿಂಡಕೋತ ಅದಾವು ಅಂದೆ. ಅಷ್ಟರಾಗ ಸುಬ್ಬಮ್ಮನ ಮಗನಽ ಜಾರಿ ನೀರಾಗ ಹೋಗಿದ್ದ. ಕೆಳಗ ಎಮ್ಮಿ ಮೈ ತೊಳ್ಯಾಂವ ಜುಟ್ಟಾ ಹಿಡದು ಎತ್ತಿದ. ಈಗ ಆ ಹುಡುಗ ಟ್ರ್ಯಾಕ್ಟರ್ ಹೊಡೀತಾನ, ಗಲ್ಲದ ತುಂಬ ಮೀಸಿ ಬಿಟ್ಟಾನ. ನೋಡಿದಾಗೊಮ್ಮೆ ನನಗ ಆ ಮಾತ ನೆನಪಾಗತೈತಿ. ಅದಾವು ಅಂದಿದ್ದೆನಲ್ಲ, ನೋಡದ."

ಒಲೆಯ ಕಟ್ಟಿಗೆಯನ್ನು ಒಳಕ್ಕೆ ನೂಕಿ ಅವಳೇ ಮುಂದುವರಿಸಿದಳು. "ಮಷಿನ್ ಛಲೋ ಐತಿ. ಬ್ಯಾಡ ಅನ್ನೂದಿಲ್ಲ. ನನ್ನ ರಟ್ಟಿ ಉಳಿದ್ವು. ಆದ್ರ ಅದು ಒಗೀತೈತಿ, ಹಿಂಡತೈತಿ. ಕೂಸಿನ ಕಾಯತೈತೇನು? ನಮಗಾದ್ರ ಅವತ್ತ ಕೈ ತುಂಬ ಬಟ್ಟಿ ಇದ್ವು. ನಿನ್ನ ಕೈ ಖಾಲಿ ಇದ್ವಲ್ಲೋ ತಮ್ಮಾ. ಕುಂತು ನೋಡಾಕ ನಿನಗೇನ ಧಾಡಿಯಾಗಿತ್ತು?"

ನಾನು ಮೂವತ್ತು ವರ್ಷ ಪಾಠ ಮಾಡಿದೆ. ಇಂಥ ಪ್ರಶ್ನೆಯನ್ನು ಯಾವ ಪರೀಕ್ಷೆಯಲ್ಲೂ ಕೇಳಲು ನನಗೆ ಬರಲಿಲ್ಲ.

ಮರುದಿನದಿಂದ ನಮ್ಮ ಹಿತ್ತಲಿಗೆ ಕಾಲುವೆಯ ಕಾಯಿದೆ ಬಂತು. ಒಗೆದಾದ ಕೂಡಲೇ ಟಬ್ಬು ಬರಿದಾಗಬೇಕು. ನೀರು ಉಳಿಸುವುದಿದ್ದರೆ ಬಾಯಿ ಬಿಗಿದ ಡ್ರಮ್ಮಿಗೆ ಹೋಗಬೇಕು. ಕೊಳವೆಯನ್ನು ಡ್ರಮ್ಮಿಗೆ ಜೋಡಿಸುವ ಕೆಲಸದಲ್ಲಿ ಮಾತ್ರ ನನ್ನ ವಿಜ್ಞಾನಕ್ಕೆ ಅವಕಾಶ ಸಿಕ್ಕಿತು. ಸೋಪಿನ ಪುಡಿ ನಮ್ಮಲ್ಲಿ ಬಿಸ್ಕೀಟಿನ ಹಳೆಯ ಡಬ್ಬಿಯಲ್ಲಿ, ನಗುವ ಮಗುವಿನ ಚಿತ್ರದ ಸಮೇತ ಕೆಳಗಿನ ಗೂಡಿನಲ್ಲಿರುತ್ತಿತ್ತು. ಅದು ಅಟ್ಟ ಹತ್ತಿತು. ಹಿಂಡುವ ಟಬ್ಬಿನ ಬಗ್ಗೆ ಅವ್ವನಿಗೆ ಮೊದಲಿಂದಲೂ ಅನುಮಾನವೇ. ಗುಂಡಿ ತಿರುವಿದ ಮೇಲೂ ಅದು ಒಳಗೊಳಗೇ ಒಂದಿಷ್ಟು ಹೊತ್ತು ಸುತ್ತುವುದನ್ನು ಅವಳು ಕಿವಿಯಿಂದಲೇ ಕಂಡುಹಿಡಿದಿದ್ದಳು. "ಬಂದ್ ಮಾಡೇವಿ ಅಂದ್ರ ನಿಂತೈತಿ ಅಂತಲ್ಲ" ಎಂದು ಹತ್ತೂ ಬೆರಳು ಒಂದೊಂದಾಗಿ ಮಡಚಿ, ಸಪ್ಪಳ ಅಡಗಿದ್ದನ್ನು ಕೇಳಿ, ಆಮೇಲೆ ಮುಚ್ಚಳ ಎತ್ತುತ್ತಿದ್ದಳು. ಕೂಸು ಬಗಲಲ್ಲಿದ್ದರೆ ಎತ್ತುತ್ತಲೇ ಇರಲಿಲ್ಲ.

ಎಲ್ಲಕ್ಕಿಂತ ದೊಡ್ಡದು ಪಾಳಿ. ಮಷಿನ್ ಹಚ್ಚಿದರೆ ಆರಿಸುವವರೆಗೆ ಒಬ್ಬರು ಕೂಸಿನ ಜೊತೆ ಇರಲೇಬೇಕು, ಬೇರೆ ಕೆಲಸ ಮುಟ್ಟಬಾರದು. ಒಂದು ರವಿವಾರ ನಮ್ಮ ಹೆಡ್‌ಮಾಸ್ತರರು ಯಾವುದೋ ಫಾರ್ಮು ತುಂಬಿಸಲು ಮನೆಗೆ ಬಂದರು. ನಾನು ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಮಷಿನ್ ನೋಡುತ್ತ ಕೂತಿದ್ದೆ.

"ಏನ್ರಿ ಮಾಸ್ತರ, ಟಿವಿ ಕೆಟ್ಟೈತೇನು? ಇದರಾಗ ಯಾವ ಧಾರಾವಾಹಿ ಬರತೈತಿ?"

ಮಾನ ಹೋಯಿತು ಎನಿಸಿ ಎದ್ದು ನಿಂತೆ. ಒಳಗಿನಿಂದ ಅವ್ವ ಹೇಳಿದಳು, "ಅವನ ಪಾಳಿ ಐತ್ರಿ ಸರ. ಫಾರ್ಮು ಅರ್ಧ ತಾಸು ಬಿಟ್ಟು ತುಂಬತಾನ. ನೀವು ಕುಂದರ್ರಿ, ಚಾ ಮಾಡತೀನಿ." ಹೆಡ್‌ಮಾಸ್ತರರು ಅರ್ಧ ತಾಸು ಕೂತರು. ನಾನೂ ಮತ್ತೆ ಕೂತೆ.

ಅವ್ವ ಹೋಗಿ ಒಂಬತ್ತು ವರ್ಷವಾಯಿತು. ಆ ಮಷಿನ್ ಅವಳಿಗಿಂತ ಮೊದಲೇ ಗುಜರಿಗೆ ಹೋಯಿತು. ಪವಿತ್ರಾಗೆ ಆ ದಿನದ ನೆನಪಿಲ್ಲ. ಅವಳ ನೆನಪಿನಲ್ಲಿರುವುದು ಮಷಿನ್ ಹತ್ತಿರ ಸುಳಿದರೆ ಕಿವಿ ಹಿಂಡುತ್ತಿದ್ದ ಅಜ್ಜಿ ಮಾತ್ರ. ಮೊನ್ನೆ ಮೊಮ್ಮಗನನ್ನು ಹೊರಗೆಳೆದ ಮೇಲೆ, ಮಗಳು ಅಳಿಯ ಇಬ್ಬರನ್ನೂ ಕೂರಿಸಿ ಇದನ್ನೆಲ್ಲ ಹೇಳಿದೆ. ಬಾಚಣಿಗೆಯ ಮಾತು ಬಂದಾಗ ಪವಿತ್ರಾ ಮಗನನ್ನು ಎದೆಗೆ ಒತ್ತಿಕೊಂಡಳು. ಅಳಿಯ ಮೆಲ್ಲಗೆ ಹೇಳಿದ:

"ಇದಕ್ಕ ಚೈಲ್ಡ್ ಲಾಕ್ ಐತ್ರಿ ಮಾವಾರ."

"ಭಾಳ ಛಲೋ. ಅದನ್ನೂ ಹಾಕ್ರಿ. ಆದ್ರ ಮಷಿನ್ ನಿಂತಾಗ ಬಾಗಿಲಾ ತಗದಿದ್ರ ಅದು ಯಾರಿಗಿ ಲಾಕ್ ಹಾಕತೈತಿ?"

ಮಗಳ ಮನೆಯಲ್ಲಿ ಅಪ್ಪ ಬಾಯಿ ಹಾಕಬಾರದು ಎನ್ನುತ್ತಾರೆ. ಹಾಕಿದೆ. ವಾಸನೆಯ ಭಯವಿದ್ದರೆ ಬಾಗಿಲಿನ ಸುತ್ತಲಿನ ರಬ್ಬರಿನ ಬಳೆಯನ್ನು ಒಣ ಬಟ್ಟೆಯಿಂದ ಒರೆಸಿ ಬಾಗಿಲು ಮುಚ್ಚೋಣ. ಗಾಳಿ ಆಡಲೇಬೇಕೆಂದರೆ ಕೋಣೆಗೆ ಚಿಲಕ ಇರಲಿ ಎಂದೆ. ಬಡಿಗನನ್ನು ಕರೆಸಿ, ಕೂಸಿನ ಕೈ ಇನ್ನು ಐದು ವರ್ಷ ನಿಲುಕದಷ್ಟು ಮೇಲೆ ಚಿಲಕ ಹಾಕಿಸಿದೆ. ಪೆಪ್ಪರಮೆಂಟಿನ ಹಾಗೆ ಮಿರಿಮಿರಿ ಮಿಂಚುವ ಸೋಪಿನ ಗುಳಿಗೆಗಳು ಈಗ ಬಂದಿವೆಯಲ್ಲ, ಅವುಗಳ ಡಬ್ಬಿಯನ್ನು ಕಪಾಟಿನ ನೆತ್ತಿಗೇರಿಸಿ ಕೀಲಿ ಹಾಕಿದೆ. ರಬ್ಬರ್ ಒರೆಸುವ ಕೆಲಸ ನಾನೇ ತೆಗೆದುಕೊಂಡೆ. ಕುಷ್ಟಗಿಗೆ ಯಾವಾಗ ಹೊರಡುತ್ತೀರಿ ಎಂದು ನನ್ನ ಹೆಂಡತಿ ಫೋನಿನಲ್ಲಿ ಕೇಳಿದಳು. ಇವರಿಬ್ಬರಿಗೂ ರೂಢಿಯಾಗಲಿ, ಆಮೇಲೆ ಎಂದೆ. "ನೀವು ನಿಮ್ಮವ್ವನಾಗೀರಿ" ಎಂದು ನಕ್ಕಳು. ಇಷ್ಟು ವರ್ಷದ ಸಂಸಾರದಲ್ಲಿ ಅವಳಿಂದ ನನಗೆ ಸಿಕ್ಕ ದೊಡ್ಡ ಬಿರುದು ಅದು.

ಇವತ್ತು ಬೆಳಿಗ್ಗೆ ಮಷಿನ್ ಹಚ್ಚಿದ್ದರು. ಅಳಿಯ ಕಚೇರಿಗೆ ಹೋಗಿದ್ದ, ಪವಿತ್ರಾ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ನಾನು ಕುರ್ಚಿ ಹಾಕಿಕೊಂಡು ಕೂತಿದ್ದೆ. ತೊಡೆಯ ಮೇಲೆ ಸಮರ್ಥ. ಗಾಜಿನ ಹಿಂದೆ ತನ್ನದೇ ಹಳದಿ ಅಂಗಿ ಮೇಲೆ ಬಂದಾಗಲೆಲ್ಲ "ನಂದು! ನಂದು!" ಎಂದು ಕುಣಿಯುತ್ತಿದ್ದ. ನನ್ನ ಅಂಗಿಯ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಬಡಿದುಕೊಳ್ಳಲಿ ಎಂದು ಬಿಟ್ಟೆ.

ರೊಟ್ಟಿ ಬಡಿಯುವ ಸದ್ದು ಒಂದು ಕ್ಷಣ ನಿಂತಿತು.

"ಅಪ್ಪಾ, ಅದಾನೇನಽ?"

ಅವಳ ಅಜ್ಜಿಯದೇ ರಾಗ. ಯಾರೂ ಕಲಿಸಿರಲಿಲ್ಲ. ಕೂಸು ನನ್ನ ತೊಡೆಯ ಮೇಲೇ ಇತ್ತು, ಅದರ ಭಾರಕ್ಕೆ ಕಾಲು ಜೋಮು ಹಿಡಿದಿತ್ತು, ಇನ್ನು ನೋಡುವುದೇನು? ಆದರೂ ತಲೆ ಬಗ್ಗಿಸಿ ನೋಡಿದೆ. ಅವನ ನೆತ್ತಿಯ ಮೇಲೆ ಕೈ ಇಟ್ಟೆ. ಆಮೇಲೆ ಅಡುಗೆಮನೆಗೆ ಕೇಳುವಂತೆ ಕೂಗಿದೆ.

"ಅದಾನ!"